ಒಂದು ಹಾಳೆ ಕಡಿಮೆ

ಅಂಟು ಕಾಯಿಸುವಾಗ ಕೈ ನಿಲ್ಲಿಸಬಾರದು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಸಣ್ಣ ಉರಿಯ ಮೇಲಿಟ್ಟು, ಮರದ ಸೌಟಿನಿಂದ ತಿರುಗಿಸುತ್ತಲೇ ಇರಬೇಕು. ಹಾಲಿನ ಹಾಗಿದ್ದದ್ದು ನೋಡುನೋಡುತ್ತಿದ್ದಂತೆ ಗಾಜಿನ ಹಾಗೆ ಹೊಳೆಯುತ್ತದೆ, ಆಗ ಇಳಿಸಬೇಕು. ಅರ್ಧ ನಿಮಿಷ ಕಣ್ಣು ಆಚೆ ಹೋದರೆ ಗಂಟು. ಗಂಟುಗಟ್ಟಿದ ಅಂಟು ಹಚ್ಚಿದರೆ ಪುಸ್ತಕದ ಬೆನ್ನಿನ ಮೇಲೆ ಮೊಡವೆ ಎದ್ದ ಹಾಗೆ ಕಾಣುತ್ತದೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವಳು ನಾನು, ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಇದೇ. ಒಂದು ಒಲೆಯಲ್ಲಿ ಮನೆಯವರ ಅಡುಗೆ, ಪಕ್ಕದ ಒಲೆಯಲ್ಲಿ ಪುಸ್ತಕಗಳ ಅಡುಗೆ ಎಂದು ನಮ್ಮತ್ತೆ ಹೇಳುತ್ತಾರೆ. ಒಮ್ಮೆ ಕನ್ನಡಕವಿಲ್ಲದೆ ಅದನ್ನೇ ಗಂಜಿ ಎಂದುಕೊಂಡು ಉಪ್ಪು ಹಾಕಿ ರುಚಿಯನ್ನೂ ನೋಡಿದ್ದರು. "ನಿನ್ನ ಅಡುಗೆಗಿಂತ ವಾಸಿ ಇದೆ ಬಿಡು," ಅಂದಿದ್ದರು.

ಆ ದಿನ ಅಂಟು ಇನ್ನೇನು ಹೊಳಪಿಗೆ ಬರಬೇಕು, ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಸಮವಸ್ತ್ರ ಹಾಕಿಕೊಂಡಿದ್ದಳು, ಒಂದು ಕಾಲಿಗೆ ಮಾತ್ರ ಕಾಲುಚೀಲ.

"ಅಮ್ಮಾ," ಎಂದಳು. ಅಷ್ಟು ಸಲೀಸಾಗಿ ಬಂತು. ಆಮೇಲೆ, "ನ… ನ… ನ…"

ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡುಬಿಟ್ಟಿತು. ಕತ್ತಿನ ನರ ಉಬ್ಬಿತು. ನಾನು ಸೌಟು ತಿರುಗಿಸುತ್ತಲೇ, "ನೋಟ್‌ಬುಕ್ಕಾ? ಕಿಟಕಿ ಮೇಲಿದೆ ನೋಡು," ಎಂದೆ.

ಅವಳು ಅಲ್ಲ ಎಂದು ತಲೆಯಾಡಿಸಿದಳು. "ನ… ನನ್—"

"ನೀರಿನ ಬಾಟ್ಲಾ?" ಒಳಗಿನ ಕೋಣೆಯಿಂದ ಅತ್ತೆ. "ನಾಳೆ ರಜಾನಾ? ನಿದ್ದೆ ಬರ್ತಿದ್ಯಾ ಮರೀ?"

ಮಗಳು ಬಾಯಿ ಮುಚ್ಚಿದಳು. ಹೋಗಿ ಕಿಟಕಿಯ ಮೇಲಿದ್ದ ನೋಟ್‌ಬುಕ್ ತೆಗೆದುಕೊಂಡಳು. ಅದು ಅವಳಿಗೆ ಬೇಕಿರಲಿಲ್ಲ. ಯಾವತ್ತೋ ಬರೆದು ಮುಗಿಸಿದ ಹಳೆಯ ನೋಟ್‌ಬುಕ್ಕು. ಆದರೂ ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಕಾಲುಚೀಲ ಹುಡುಕಿ, ಹೊರಟುಹೋದಳು. ನಾನು ಬೀದಿ ಬಾಗಿಲವರೆಗೆ ಹೋಗಿ ಅವಳ ಬೆನ್ನು ನೋಡಿ ಬರುವಷ್ಟರಲ್ಲಿ ಅಂಟು ಗಂಟಾಗಿ ಕೂತಿತ್ತು.

ನಮ್ಮ ಮನೆಯವರ ಅಭ್ಯಾಸ ಇದು. ಅವಳಿಗೆ ಮಾತು ಸಿಕ್ಕಿಹಾಕಿಕೊಂಡಾಗ ನೋಡಲಾಗುವುದಿಲ್ಲ, ಎಡವಿದವರಿಗೆ ಕೈ ಕೊಡುವಂತೆ ಮಾತು ಕೊಡುತ್ತೇವೆ. ನಾನು ಎರಡು ಮೂರು ಊಹೆಗೆ ನಿಲ್ಲಿಸುತ್ತೇನೆ. ಅತ್ತೆ ನಿಲ್ಲಿಸುವುದಿಲ್ಲ. ಅವಳು ‘ಬ’ ಎಂದು ಶುರುಮಾಡಿದರೆ ಬಾಗಿಲು, ಬಕೆಟ್ಟು, ಬಳಪ, ಬಾಳೆಹಣ್ಣು, ಬಿಸಿಲು ಎಂದು ಸಂತೆಯನ್ನೇ ಹರಡುತ್ತಾರೆ. "ಹತ್ತು ಹೇಳ್ತೀನಿ, ಒಂದಾದ್ರೂ ತಗಲಲಿ ಅಂತ." ಮಗಳು ಎಷ್ಟೋ ಸಲ ಸುಸ್ತಾಗಿ ಹತ್ತರಲ್ಲಿ ಒಂದಕ್ಕೆ ಹೂಂ ಅಂದುಬಿಡುತ್ತಾಳೆ. ಹೀಗೆ ಬೇಡದ ಬಾಳೆಹಣ್ಣು ಎಷ್ಟು ತಿಂದಿದ್ದಾಳೋ.

ಅವಳಿಗೆ ಒಂಬತ್ತು ವರ್ಷ. ಮಾತು ಕಲಿತಾಗಿನಿಂದಲೇ ಉಗ್ಗು ಇತ್ತು. ಆರು ತುಂಬಿದ ಮೇಲೆ ಮಾತು ಕಲಿಸುವ ಮೇಡಂ ಒಬ್ಬರ ಹತ್ತಿರ ವಾರಕ್ಕೊಮ್ಮೆ ಕರೆದುಕೊಂಡು ಹೋಗಲು ಶುರುಮಾಡಿದೆವು. ಏಳನೇ ವರ್ಷದಲ್ಲಿ ಅದು ಹೊರಟುಹೋಯಿತು. ಆಮೇಲೆ ಒಂದೂವರೆ ವರ್ಷ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಅವರಪ್ಪ ಬಸ್ ಓಡಿಸುತ್ತಾರೆ. ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಸ್ವಲ್ಪ ಕಣ್ಣುಮುಚ್ಚಿದರೆ, ರಜೆಯ ದಿನಗಳಲ್ಲಿ ಇವಳು ಕಿವಿಯ ಪಕ್ಕ ಕೂತು ಶಾಲೆಯ ಪುರಾಣ ಬಿಚ್ಚುತ್ತಿದ್ದಳು. "ಎಲ್ಲಿಂದ ಬಂತೋ ಈ ಚಿನಕುರಳಿ," ಎಂದು ಅವರು ದಿಂಬನ್ನು ಕಿವಿಗೊತ್ತಿಕೊಂಡು ನಗುವುದು. ಅದೇ ಮನೆಯ ಹೆಸರಾಯಿತು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ‘ಪೆನ್ಸಿಲ್’ ಎನ್ನಲು ಹೋಗಿ ಮೊದಲ ಅಕ್ಷರದಲ್ಲೇ ನಿಂತಳು. ಬಿದ್ದಿರಲಿಲ್ಲ, ಜ್ವರ ಬಂದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ಅವಳನ್ನು ಚಿನಕುರಳಿ ಎಂದು ಕರೆದಿಲ್ಲ. ಕರೆಯಬಾರದು ಎಂದು ಯಾರೂ ಮಾತಾಡಿಕೊಂಡದ್ದಲ್ಲ.

ಮತ್ತೆ ಮೇಡಂ ಹತ್ತಿರ ಹೋದೆವು. ಅವರು ಅರ್ಧ ಗಂಟೆ ಅವಳನ್ನು ಮಾತಾಡಿಸಿ, ಹಳೆಯ ಕಡತ ತೆಗೆದು, ಕೊನೆಯ ಸಾಲಿನ ಕೆಳಗೆ ‘ಮರುಕಳಿಸಿದೆ’ ಎಂದು ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ಬೇರೇನೋ ಹೇಳಿದರು. ಇದು ಕೆಲವರಿಗೆ ಹೋಗ್ತದೆ ಬರ್ತದೆ, ಅವಳ ಮಾತನ್ನ ನೀವು ಮುಗಿಸ್ಬೇಡಿ, ಎಷ್ಟು ಹೊತ್ತಾದ್ರೂ ಕಾಯಿರಿ ಅಂತ. ನಾನು ಹೂಂ ಹೂಂ ಎಂದೆ. ಕೇಳಿಸಿಕೊಂಡದ್ದು ಆ ಒಂದು ಪದ ಮಾತ್ರ. ಮನೆಗೆ ಬರುವ ದಾರಿಯಲ್ಲಿ ಫೋನಿನಲ್ಲಿ ಇವರಿಗೂ ಅದನ್ನೇ ಹೇಳಿದೆ, "ಮರುಕಳಿಸಿದೆಯಂತೆ ರೀ." ಮಗಳು ನನ್ನ ಇನ್ನೊಂದು ಕೈ ಹಿಡಿದು ನಡೆಯುತ್ತಿದ್ದಳು. ಮಕ್ಕಳ ಕಿವಿ ನಮ್ಮ ಮೊಣಕೈ ಎತ್ತರದಲ್ಲಿರುತ್ತದೆ ಎಂದು ದೊಡ್ಡವರಿಗೆ ನೆನಪಿರುವುದಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಅವಳ ತರಗತಿಯಲ್ಲಿ ದಿನವೂ ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದುತ್ತಾರೆ. ಒಬ್ಬೊಬ್ಬರಿಗೆ ಒಂದು ಪ್ಯಾರಾ, ಬೆಂಚಿನ ಸಾಲಿನಂತೆ ಸರದಿ. ಒಂದು ದಿನ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಹೋದವಳು ಕಿಟಕಿಯ ಹೊರಗೆ ನಿಂತೆ. ಅವಳ ಸರದಿ ನಡೆಯುತ್ತಿತ್ತು. ಮಕ್ಕಳು ಯಾರೂ ನಗಲಿಲ್ಲ. ನಕ್ಕಿದ್ದರೆ ಒಳಗೆ ನುಗ್ಗಿ ಬೈದು ಬರುತ್ತಿದ್ದೆ. ಎಲ್ಲರೂ ತಲೆ ತಗ್ಗಿಸಿ ಬೆಂಚು ನೋಡುತ್ತಿದ್ದರು, ಟೀಚರ್ ಗೋಡೆ ಗಡಿಯಾರ ನೋಡುತ್ತಿದ್ದರು, ಮಧ್ಯದಲ್ಲಿ ಇವಳೊಬ್ಬಳು ನಿಂತು ‘ಕ’ದ ಜೊತೆ ಗುದ್ದಾಡುತ್ತಿದ್ದಳು. ಡಬ್ಬಿಯನ್ನು ಜವಾನನ ಕೈಗೆ ಕೊಟ್ಟು ಬಂದುಬಿಟ್ಟೆ.

ಮರುದಿನ ಅವಳಿಗೆ ಗೊತ್ತಾಗದಂತೆ ಟೀಚರನ್ನು ಕಾಣಲು ಹೋದೆ.

"ಮೊದಲಿನ ಹಾಗೆ ಆಗೋವರೆಗೂ ಅವಳ ಸರದಿ ಬಿಟ್ಟುಬಿಡಿ ಟೀಚರ್. ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗೋದು ಬೇಡ."

"ಖಂಡಿತ. ಪಾಪ, ನಮಗೂ ನೋಡೋಕಾಗ್ತಿರಲಿಲ್ಲ," ಎಂದರು ಅವರು. ಮುಖದಲ್ಲಿ ದೊಡ್ಡ ಭಾರ ಇಳಿದಂತಿತ್ತು. ಹೊರಡುವಾಗ ಕಪಾಟಿನಿಂದ ದಪ್ಪನೆಯ ನಿಘಂಟೊಂದನ್ನು ತೆಗೆದು ನನ್ನ ಕೈಗಿಟ್ಟರು. ರಟ್ಟು ಕಿತ್ತು, ಬೆನ್ನು ಬಿಟ್ಟು, ಹಗ್ಗ ಸುತ್ತಿಟ್ಟಿದ್ದ ಪುಸ್ತಕ. "ಹೇಗೂ ಬಂದಿದೀರಿ. ಇದನ್ನ ಮೊದಲಿನ ಹಾಗೆ ಮಾಡ್ಕೊಡ್ತೀರಾ?"

ನನ್ನ ಹತ್ತಿರ ಬರುವವರೆಲ್ಲ ಹಾಗೇ ಕೇಳುತ್ತಾರೆ. ನಾನೂ ಆಗಲಿ ಎನ್ನುತ್ತೇನೆ. ಆಗುವುದಿಲ್ಲ ಎಂದು ಕೆಲಸ ಮಾಡುವವರಿಗೆ ಗೊತ್ತು. ಹಳೆಯ ಹೊಲಿಗೆ ಬಿಚ್ಚಿ, ಬೆನ್ನಿನ ಅಂಟು ಕೆರೆದು, ಮತ್ತೆ ಹೊಲಿದು, ಅಂಚು ಸಮ ಮಾಡಲು ಕತ್ತರಿಸಿದಾಗ ಪ್ರತಿ ಸಲವೂ ಒಂದು ಎಳೆಯಷ್ಟು ಕಾಗದ ಹೋಗುತ್ತದೆ. ಪುಸ್ತಕ ಗಟ್ಟಿಯಾಗುತ್ತದೆ, ತೆರೆದರೆ ತೆರೆದುಕೊಳ್ಳುತ್ತದೆ. ಮೊದಲಿನದಲ್ಲ, ಅಷ್ಟೆ. ಇಷ್ಟು ತಿಳಿದವಳು ಮಗಳ ವಿಷಯದಲ್ಲಿ ಅದೇ ಮಾತನ್ನು ಟೀಚರ ಮುಂದೆ ಇಟ್ಟು ಬಂದೆ.

ಸಂಜೆ ಮಗಳು ಮೇಜಿನ ಮೇಲೆ ನಿಘಂಟನ್ನೂ ಅದರ ಮೇಲಿನ ಶಾಲೆಯ ಮೊಹರನ್ನೂ ನೋಡಿದಳು. "ಇ… ಇದು ಹೇಗೆ ಬಂತು?"

"ಜವಾನ ತಂದುಕೊಟ್ಟ," ಎಂದೆ. ಸುಳ್ಳು ಬಾಯಿಂದ ಎಷ್ಟು ಸರಾಗವಾಗಿ ಬರುತ್ತದೆ. ಒಂದಕ್ಷರವೂ ಸಿಕ್ಕಿಕೊಳ್ಳಲಿಲ್ಲ.

ಅದಾಗಿ ಮೂರು ವಾರ. ಆ ದಿನ, ಮಗಳು ನೋಟ್‌ಬುಕ್ ಹಾಕಿಕೊಂಡು ಹೊರಟ ಮೇಲೆ, ಗಂಟುಗಟ್ಟಿದ ಅಂಟನ್ನು ಚೆಲ್ಲಿ, ಹೊಸದಾಗಿ ಕಾಯಿಸಿ, ಮುಂದಿನ ಕೋಣೆಯಲ್ಲಿ ನಿಘಂಟಿನ ಕೆಲಸಕ್ಕೆ ಕೂತೆ. ಹೊಲಿಯುವ ಮೊದಲು ಹಾಳೆ ಎಣಿಸುವುದು ನನ್ನ ಪದ್ಧತಿ. ದೊಡ್ಡ ಕಾಗದವನ್ನು ಮಡಿಸಿ ಮಾಡಿದ ಒಂದೊಂದು ಕಂತೆಗೆ ನಾವು ಫಾರಂ ಎನ್ನುತ್ತೇವೆ. ಈ ನಿಘಂಟಿನಲ್ಲಿ ಫಾರಮ್ಮಿಗೆ ಎಂಟು ಹಾಳೆ. ಹಿಂದಿನ ದಿನ ಎಲ್ಲವನ್ನೂ ಎಣಿಸಿ, ಬಟ್ಟೆ ಸುತ್ತಿದ ಇಟ್ಟಿಗೆ ಹೇರಿಟ್ಟಿದ್ದೆ. ಇಟ್ಟಿಗೆ ಸ್ವಲ್ಪ ಸರಿದಂತಿತ್ತು. ಮತ್ತೆ ಎಣಿಸಿದೆ. ಒಂದು ಫಾರಮ್ಮಿನಲ್ಲಿ ಏಳೇ ಹಾಳೆ.

ಮೇಜಿನ ಕೆಳಗೆ, ರದ್ದಿಯ ಬುಟ್ಟಿಯಲ್ಲಿ, ಅತ್ತೆಯ ಮಂಚದಡಿಯಲ್ಲಿ ಹುಡುಕಿದೆ. ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಹಾಳೆ ಹರಿದದ್ದಲ್ಲ. ಮಡಿಕೆಯ ಪಕ್ಕದಲ್ಲಿ, ಬೆರಳಿನಗಲದ ಪಟ್ಟಿ ಉಳಿಸಿ, ಸ್ಕೇಲ್ ಇಟ್ಟು ಬ್ಲೇಡಿನಿಂದ ಕೊಯ್ದದ್ದು. ಜೊತೆಯ ಹಾಳೆ ಸಡಿಲವಾಗಬಾರದು, ಹಾಗಾಗಿ ಪಟ್ಟಿ ಉಳಿಸಬೇಕು. ಹಾಗೆ ಕೊಯ್ಯುವುದನ್ನು ನಾನೇ ಒಬ್ಬಳಿಗೆ ಹೇಳಿಕೊಟ್ಟಿದ್ದೆ, ಕಳೆದ ಬೇಸಿಗೆಯ ರಜೆಯಲ್ಲಿ.

ಯಾವ ಹಾಳೆ ಎಂದು ನೋಡಿದೆ. ಹಿಂದಿನ ಪುಟ ‘ಮರವೆ’ಗೆ ಮುಗಿಯುತ್ತಿತ್ತು. ಮುಂದಿನದು ‘ಮರುಳು’ ಎಂದು ಶುರುವಾಗುತ್ತಿತ್ತು. ಮಧ್ಯದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. ಮರಳು, ಮರಿ, ಮರು, ಮರುಕ. ಅಲ್ಲಿಗೆ ಬಂದಾಗ ಮುಂದಿನ ಪದ ಯಾವುದೆಂದು ತಿಳಿಯಿತು. ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟೆ.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. "ಏನು ಕಳೆದೋಯ್ತು? ಬೆಳಿಗ್ಗೆಯಿಂದ ನನ್ನ ಮಂಚ ಶೋಧಿಸ್ತಿದೀಯಲ್ಲ."

"ಒಂದು ಹಾಳೆ ಅತ್ತೆ. ಮಗಳು ತಗೊಂಡಿದಾಳೆ ಅನ್ಸತ್ತೆ."

"ಓದೋಕಿರಬೇಕು ಬಿಡು. ಈಗ ಅವಳು ಓದೋದೇ ಓದೋದು. ಬಚ್ಚಲುಮನೇಲಿ ದಿನಾ ಅರ್ಧ ಗಂಟೆ ನಲ್ಲಿ ಬಿಟ್ಕೊಂಡು ಏನ್ ಮಾಡ್ತಾಳೆ ಅಂದ್ಕೊಂಡಿದೀಯಾ?"

"ನೀರು ಪೋಲು ಮಾಡ್ತಾಳೆ ಅಂತ ಬೈದಿದ್ದೆನಲ್ಲ."

"ನೀನು ಬೈದೆ. ಅವಳು ನಲ್ಲಿ ಸಣ್ಣ ಮಾಡಿದ್ಲು. ಅದಕ್ಕೇ ಈಗ ನನಗೆ ಕೇಳಿಸ್ತಿದೆ. ಪಾಠ ಓದ್ತಾಳೆ ಕಣಮ್ಮ, ಗಟ್ಟಿಯಾಗಿ. ಒಂದೇ ಪ್ಯಾರಾ, ಮತ್ತೆ ಮತ್ತೆ. ನಾಳೆ ತನಗೆ ಯಾವ ಪ್ಯಾರಾ ಬರತ್ತೆ ಅಂತ ಇವತ್ತೇ ಬೆಂಚು ಎಣಿಸ್ಕೊಂಡು ಬರ್ತಾಳಂತೆ. ಸಿಕ್ಕಿಹಾಕ್ಕೊಳ್ತಾಳೆ, ಬಿಡಿಸ್ಕೊಳ್ತಾಳೆ. ಬಾಗಿಲಾಚೆ ಇರ್ತೀನಲ್ಲ, ಅಲ್ಲಿ ಊಹೆ ಹೇಳೋಕೂ ಆಗಲ್ಲ ನನಗೆ." ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಕೊನೇವರೆಗೂ ಓದ್ತಾಳೆ. ನಿನ್ನೆ ಅವಳಿಗೆ ಬಂದಿದ್ದು ಹಡಗಿನ ಪಾಠ. ಹಡಗು ದಡಕ್ಕೆ ಬರೋಷ್ಟರಲ್ಲಿ ನನಗೇ ಸಮುದ್ರ ಈಜಿದಂಗಾಯ್ತು. ಆದ್ರೂ ಬಂತು ದಡಕ್ಕೆ."

ಮೂರು ವಾರದಿಂದ ದಿನವೂ ಒಂದು ಪ್ಯಾರಾ ಸಿದ್ಧ ಮಾಡಿಕೊಂಡು ಹೋಗಿದ್ದಾಳೆ. ದಿನವೂ ಅವಳ ಹಿಂದಿನ ಹುಡುಗಿ ಓದಿ ಕೂತ ಮೇಲೆ ಟೀಚರ್ ಅವಳನ್ನು ದಾಟಿ ಮುಂದಿನವಳ ಹೆಸರು ಕೂಗಿದ್ದಾರೆ.

"ಮತ್ತೊಂದು ಕೇಳಿದ್ಲು," ಎಂದರು ಅತ್ತೆ. "ಅಜ್ಜೀ, ಆ ದಪ್ಪ ಪುಸ್ತಕ ಶಾಲೆ ಜವಾನ ತಂದ್ನಾ ಅಂತ. ಅದನ್ನ ಕೇಳೋಕೆ ಅವಳಿಗೆ ಎಷ್ಟು ಹೊತ್ತು ಬೇಕಾಯ್ತು ಅಂತೀಯಾ. ನಾನು ಜಡೆ, ಜಗಲಿ, ಜ್ವರ ಎಲ್ಲಾ ಹೇಳಿ ಮುಗಿಸಿದ್ದೆ."

"ನೀವೇನಂದ್ರಿ?"

"ಯಾವ ಜವಾನ? ಇಷ್ಟು ದಪ್ಪದ್ದನ್ನ ನೀನೇ ಅಲ್ವಾ ಸೊಂಟ ಹಿಡ್ಕೊಂಡು ಹೊತ್ತು ತಂದಿದ್ದು. ರಾತ್ರಿಯೆಲ್ಲಾ ಮುಲಾಮು ಹಚ್ಕೊಂಡೆ. ಇದ್ದದ್ದು ಹೇಳ್ದೆ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಯಾಕೆ, ಹೇಳಬಾರದಿತ್ತಾ?"

"ಯಾವತ್ತು ಕೇಳಿದ್ಲು?"

"ನಿನ್ನೆ ಸಂಜೆ."

ನಾನು ಸುಳ್ಳು ಹೇಳಿದ್ದು ಅವಳಿಗೆ ನಿನ್ನೆ ಸಂಜೆ ತಿಳಿದಿದೆ. ಪುಸ್ತಕ ಮನೆಗೆ ಬಂದದ್ದೂ ಅವಳ ಸರದಿ ಮೊದಲ ಸಲ ತಪ್ಪಿದ್ದೂ ಒಂದೇ ದಿನ. ಅವಳು ಲೆಕ್ಕದಲ್ಲಿ ಚುರುಕು, ಕೂಡಿ ನೋಡಿದ್ದಾಳೆ. ಇವತ್ತು ಬೆಳಿಗ್ಗೆ ಬಂದು ನನ್ನ ಎದುರು ನಿಂತದ್ದು ಅದಕ್ಕೇ. ನಾನು ನೋಟ್‌ಬುಕ್ ಕೊಟ್ಟು ಕಳಿಸಿದೆ.

ಇವರು ಒಂದೂವರೆಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಸರದಿ ಬಿಡಿಸಿದ್ದನ್ನು ಇವರಿಗೂ ಹೇಳಿರಲಿಲ್ಲ. ಇವರು ಹೆಚ್ಚು ಮಾತಾಡುವವರಲ್ಲ. ಬೆಳಗಿನಿಂದ ಹಾರ್ನು, ಸೀಟಿ, ಚಿಲ್ಲರೆ ಜಗಳ ಕೇಳಿ ಬಂದವರು ತಟ್ಟೆ ನೋಡಿಕೊಂಡು ಊಟ ಮುಗಿಸಿದರು. ಕೈ ತೊಳೆಯುವಾಗ ಹೇಳಿದರು.

"ಬಂದ ತಕ್ಷಣ ನೀನೇ ಹೇಳಿಬಿಡು ಕಣೇ. ಹೌದು, ನಾನೇ ಹೇಳಿದ್ದು, ತಪ್ಪಾಯ್ತು ಅಂತ. ಕೇಳೋ ಕಷ್ಟನಾದ್ರೂ ತಪ್ಪತ್ತೆ ಅವಳಿಗೆ."

ನನಗೂ ಹಾಗೇ ಅನಿಸಿತ್ತು. ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಇವರ ಬಾಯಿಂದ ಕೇಳಿದಾಗ ಮಾತ್ರ ಬೇರೆ ತರ ಕೇಳಿಸಿತು.

"ಇಷ್ಟು ದಿನ ಅದನ್ನೇ ಅಲ್ವಾ ರೀ ನಾವು ಮಾಡಿದ್ದು," ಎಂದೆ.

ಇವರು ಟವೆಲ್ ಹಿಡಿದು ನಿಂತೇ ಇದ್ದರು. "ಮತ್ತೆ?"

"ಕೇಳೋವರೆಗೂ ಕಾಯ್ತೀನಿ."

"ಕೇಳದೇ ಹೋದ್ರೆ?"

ಕೇಳದೇ ಹೋದರೆ ನಾಳೆಯೂ ಸುಮ್ಮನೆ ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ, ಸಂಜೆ ಬಚ್ಚಲಿಗೆ ಹೋಗುವುದನ್ನು ನಿಲ್ಲಿಸುತ್ತಾಳೆ. ನಾಲ್ಕು ಸಲ ಹೀಗಾದರೆ ನನ್ನನ್ನು ಏನನ್ನೂ ಕೇಳುವುದಿಲ್ಲ. ಇವರು ಹಾಸಿಗೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಮಾಡಿದಂತೆ ಕಾಣಲಿಲ್ಲ.

ಪಾತ್ರೆ ತೊಳೆದೆ. ಬಟ್ಟೆ ಮಡಿಸಿದೆ. ಉಳಿದ ಫಾರಮ್ಮುಗಳನ್ನು ಹೊಲಿದೆ, ಆ ಒಂದನ್ನು ಮಾತ್ರ ಪಕ್ಕಕ್ಕಿಟ್ಟು. ಬೆನ್ನು ನೋಯುತ್ತಿತ್ತು. ನಡುನಡುವೆ ನಾಲಿಗೆಯ ತುದಿಗೆ ಅದೇ ವಾಕ್ಯಗಳು ಬಂದು ನಿಲ್ಲುತ್ತಿದ್ದವು, ಹೌದು ಮರೀ, ನಾನೇ, ನಿನ್ನ ಒಳ್ಳೇದಕ್ಕೇ. ಒಳಕ್ಕೆ ತಳ್ಳುತ್ತಿದ್ದೆ. ಬಾಯಲ್ಲಿ ಮಾತು ತಡೆದಿಟ್ಟುಕೊಳ್ಳುವುದು ಇಷ್ಟು ದಣಿವಿನ ಕೆಲಸ ಎಂದು ತಿಳಿದಿರಲಿಲ್ಲ.

ನಾಲ್ಕೂಕಾಲಿಗೆ ಗೇಟಿನ ಸದ್ದಾಯಿತು.

ಮಗಳು ಒಳಗೆ ಬಂದಳು. ಬೂಟು ಬಿಚ್ಚಿ ಗೋಡೆಗೆ ಜೋಡಿಸಿಟ್ಟಳು. ಪ್ರತಿದಿನ ಒದೆದು ಬಿಡುವವಳು. ನಾನು ಮೇಜಿನ ಮುಂದೆ, ಅತ್ತೆ ನನ್ನ ಪಕ್ಕದ ಸ್ಟೂಲಿನ ಮೇಲೆ. ಒಳಗಿನ ಕೋಣೆಯಲ್ಲಿ ಮಂಚ ಕಿರ್ ಎಂದಿತು, ಇವರು ಎದ್ದು ಕೂತಿರಬೇಕು. ಮೇಜಿನ ಮೇಲೆ ಏಳು ಹಾಳೆಯ ಫಾರಂ ತೆರೆದಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲದಿಂದ ಬೆಳಗಿನ ಹಳೆಯ ನೋಟ್‌ಬುಕ್ ತೆಗೆದು, ಅದರೊಳಗಿಂದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟಳು. ಒಂದು ಮೂಲೆಯೂ ಮಡಿಸಿರಲಿಲ್ಲ.

‘ಮರುಕಳಿಸು’ ಎಂಬಲ್ಲಿ ಪೆನ್ಸಿಲ್ ಗುರುತಿತ್ತು. ಅರ್ಥಗಳು ನಾಲ್ಕು. ವಾಸಿಯಾದ ರೋಗ ಮತ್ತೆ ಬರು. ನಡೆದದ್ದು ಮತ್ತೆ ನಡೆ. ಹಿಂದಿನ ಸ್ಥಿತಿಗೆ ಹೋಗು. ಮರೆತದ್ದು ನೆನಪಿಗೆ ಬರು. ಮೊದಲನೆಯದರಲ್ಲಿ ‘ರೋಗ’ ಎಂಬುದಕ್ಕೆ ಅಡಿಗೆರೆ ಎಳೆದು, ಆಮೇಲೆ ರಬ್ಬರಿನಿಂದ ಅಳಿಸಿದ್ದಳು. ಮೂರನೆಯದರ ಪಕ್ಕ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಅದನ್ನೂ ಅಳಿಸಲು ನೋಡಿ ಬಿಟ್ಟಿದ್ದಳು.

"ಅಮ್ಮಾ," ಎಂದಳು.

ನಾನು ಕೈಲಿದ್ದ ದಾರವನ್ನು ಮೇಜಿನ ಮೇಲಿಟ್ಟೆ.

"ನ…" ಎಂದಳು. "ನ… ನ…"

ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿತು. ಕತ್ತಿನ ನರ ಉಬ್ಬಿತು, ಕಣ್ಣು ಅರ್ಧ ಮುಚ್ಚಿತು. ಪಕ್ಕದಲ್ಲಿ ಅತ್ತೆ ಉಸಿರೆಳೆದುಕೊಂಡದ್ದು ಕೇಳಿಸಿತು, ಸಂತೆ ಹರಡುವ ಮೊದಲಿನ ಉಸಿರು. ಮೇಜಿನ ಕೆಳಗೆ ಅವರ ಕೈಯನ್ನು ಹಿಡಿದು ಒತ್ತಿದೆ. ಅವರು ಬಾಯಿ ಮುಚ್ಚಿಕೊಂಡು ನನ್ನ ಬೆರಳುಗಳನ್ನು ವಾಪಸ್ ಒತ್ತಿದರು, ನೋಯುವಷ್ಟು.

"ನನ್… ನನ್ನ ಸ…"

ಆಮೇಲೆ ಏನೂ ಬರಲಿಲ್ಲ. ಅವಳ ತುಟಿ ತೆರೆದೇ ಇತ್ತು, ಗಾಳಿ ಮಾತ್ರ ಸಣ್ಣಗೆ ಬರುತ್ತಿತ್ತು. ಆ ‘ಸ’ದ ಮುಂದಿನ ಎರಡು ಅಕ್ಷರ ನನಗೆ ಗೊತ್ತಿತ್ತು. ಇಡೀ ವಾಕ್ಯ ಗೊತ್ತಿತ್ತು. ಉತ್ತರವೂ ನನ್ನ ನಾಲಿಗೆಯ ಮೇಲೇ ಇತ್ತು. ಅಂಟು ತಿರುಗಿಸುವಾಗ ಸುತ್ತು ಎಣಿಸುವ ಹಾಗೆ ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಹತ್ತು. ಇಪ್ಪತ್ತು. ಗಡಿಯಾರ ನೋಡಲಿಲ್ಲ. ಮೇಜನ್ನೂ ನೋಡಲಿಲ್ಲ. ಅವಳ ಮುಖವನ್ನೇ ನೋಡಿದೆ. ಎಂಟು ತಿಂಗಳಲ್ಲಿ ಆ ಮುಖವನ್ನು, ಮಾತಾಡುವಾಗ, ಇಷ್ಟು ಹೊತ್ತು ನಾನು ನೋಡಿರಲಿಲ್ಲ. ಎಡಗಡೆಯ ಹೊಸ ಹಲ್ಲು ಅರ್ಧ ಬಂದಿತ್ತು.

ಅವಳೂ ನಿಲ್ಲಿಸಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಒಂದು ಗಳಿಗೆ ಕಾದಂತಿತ್ತು. ನಾನು ಹೇಳುವುದಿಲ್ಲ ಎಂದು ತಿಳಿದ ಮೇಲೆ ಉಸಿರು ಬಿಟ್ಟು, ಮೇಜಿನ ಅಂಚು ಹಿಡಿದು, ಮೊದಲಿನಿಂದ ಶುರುಮಾಡಿದಳು.

"ನ… ನನ್ನ ಸ… ಸ… ಸರದಿ ತ… ತಪ್ಪಿಸಿದ್ದು ನೀ… ನೀನಾ, ಅಮ್ಮಾ?"